ಸದ್ದು ಮಾಡದ ಟೈರು

"ಗುರುಗಳೇ, ಯಾವ ಕುಲುಕೂ ತಾಗದಂಥ ಮನಸ್ಸನ್ನು ಪಡೆಯುವುದು ಹೇಗೆ?" ಎಂದು ವಾರಿಜ ಕೇಳಿದಳು.

ಸಂಜೆಯ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಆಶ್ರಮದ ಜಗಲಿಯಿಂದ ಎದ್ದು ಹೋಗಿದ್ದರು. ವಾರಿಜ ಪಾಠದ ನಡುವೆ ಬಾಯಿ ಬಿಡುವವಳಲ್ಲ. ಏನಾದರೂ ಕೇಳುವುದಿದ್ದರೆ ಚಾಪೆ ಸುತ್ತುವ ನೆಪ ಮಾಡಿಕೊಂಡು ಹಿಂದೆ ಉಳಿಯುವಳು. ಅಂದೂ ಚಾಪೆಯನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೊನೆಗೆ ಕೇಳಿದಳು.

"ಕುಲುಕು ಎಲ್ಲಿಂದ ಬರುತ್ತಿದೆ ಮಗೂ?"

"ಕೆಳಗಿನ ಬೀದಿಯಲ್ಲಿ ಯಾರದೋ ಮನೆಯಲ್ಲಿ ಹೊಲಿಗೆ ಯಂತ್ರ ಇದೆ ಗುರುಗಳೇ. ಸಂಜೆ ಹೊತ್ತು ಅದರ ಸದ್ದು ಇಲ್ಲಿಗೆ ಕೇಳುತ್ತದೆ. ನಮ್ಮಕ್ಕ ಹೊಲಿಯುತ್ತಿದ್ದಳು. ಅವಳು ತೀರಿಕೊಂಡು ವರ್ಷವಾಯಿತು. ಆ ಸದ್ದು ಬಂದಾಗಲೆಲ್ಲ ಎದೆಗೆ ಯಾರೋ ಗುದ್ದಿದ ಹಾಗಾಗುತ್ತದೆ. ಧ್ಯಾನಕ್ಕೆ ಕೂತರೂ ಅಷ್ಟೇ, ಊಟಕ್ಕೆ ಕೂತರೂ ಅಷ್ಟೇ." ವಾರಿಜ ಚಾಪೆಯ ಅಂಚನ್ನು ಹಿಡಿದುಕೊಂಡಳು. "ಆ ಸದ್ದೂ ಒಂದೇ, ಗಾಳಿಯ ಸದ್ದೂ ಒಂದೇ ಅನ್ನುವ ಹಾಗಾಗಬೇಕು ನನಗೆ. ಅದಕ್ಕೊಂದು ಸಾಧನೆ ಇದ್ದರೆ ಕೊಡಿ. ಎಷ್ಟು ಕಷ್ಟವಾದರೂ ಮಾಡುತ್ತೇನೆ."

"ಸಾಧನೆ ಇದೆ," ಎಂದರು ಗುರುಗಳು. "ಕೊಡುತ್ತೇನೆ. ಮೊದಲು ಒಂದು ಕತೆ ಕೇಳು. ಟೈರಿನ ಕತೆ."

ವಾರಿಜಳಿಗೆ ನಗು ಬಂತು. ತಡೆದುಕೊಂಡಳು.

"ನಗು, ಪರವಾಗಿಲ್ಲ. ಋಷಿಗಳ ಕಾಲದಲ್ಲಿ ಟೈರು ಇದ್ದಿದ್ದರೆ ಅವರೇ ಹೇಳಿರುತ್ತಿದ್ದರು. ಇರಲಿಲ್ಲ, ಅದಕ್ಕೆ ನನ್ನ ಪಾಲಿಗೆ ಉಳಿಯಿತು."

ಹೀಗೆಂದು ಅವರು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನದು ಪಾತ್ರೆಯ ವ್ಯಾಪಾರ. ಕಂಚು, ಹಿತ್ತಾಳೆ, ತಾಮ್ರ. ಅಂಗಡಿಗೆ ಬಂದ ಪ್ರತಿ ಪಾತ್ರೆಯನ್ನೂ ಅವನು ಬೆರಳಿನ ಗೆಣ್ಣಿನಿಂದ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದ. ದನಿ ಉದ್ದಕ್ಕೆ ಹೋದರೆ ಪಾತ್ರೆ ಗಟ್ಟಿ. ದನಿ ಅಲ್ಲೇ ಸತ್ತರೆ ಎಲ್ಲೋ ಕೂದಲೆಳೆಯಷ್ಟು ಸೀಳಿದೆ ಎಂದರ್ಥ. ಈ ವಿದ್ಯೆ ಅವನಿಗೆ ತಾಯಿಯಿಂದ ಬಂದದ್ದು. ಗಂಡ ಸತ್ತ ಮೇಲೆ ಅಂಗಡಿಯಲ್ಲಿ ತಾನೇ ಕೂತು, ಪಾತ್ರೆ ತಟ್ಟಿ ತಟ್ಟಿ, ಮಗನನ್ನು ಬೆಳೆಸಿದವಳು ಅವಳು.

ತಾಯಿಗೆ ವಯಸ್ಸಾಯಿತು. ಕಣ್ಣುಗಳು ಮೊದಲು ಮಂಜಾದವು, ಆಮೇಲೆ ಪೂರ್ತಿ ಹೋದವು. ಇನ್ನು ಮಾಡುವುದೇನೂ ಇಲ್ಲ ಎಂದು ವೈದ್ಯರು ಕೈಚೆಲ್ಲಿದರು. ಮಗ ಅತ್ತ. ತಾಯಿ ಅಳಲಿಲ್ಲ. "ಕಿವಿ ಇದೆಯಲ್ಲೋ," ಎಂದಳು.

ವರ್ತಕನಿಗೆ ಒಂದು ದೊಡ್ಡ ಕಾರಿತ್ತು. ಎಸ್‌ಯುವಿ ಎನ್ನುತ್ತಾರಲ್ಲ, ಅಂಥದ್ದು. ಮನೆಮಂದಿಯೆಲ್ಲ ಹಿಡಿಸುವಂಥದ್ದು. ಅಂಗಡಿಗೆ ರಜೆ ಇದ್ದ ದಿನ ಅವನು ತಾಯಿ, ಹೆಂಡತಿ, ಮಗ, ಮಗಳು ಎಲ್ಲರನ್ನೂ ಕೂರಿಸಿಕೊಂಡು ಊರಾಚೆ ಸುತ್ತಿಸಿಕೊಂಡು ಬರುತ್ತಿದ್ದ. ತಾಯಿಯ ಜಾಗ ನಡುಸಾಲಿನಲ್ಲಿ, ಕಿಟಕಿಯ ಪಕ್ಕ.

ಕಾರು ಹೊರಟಿತೆಂದರೆ ತಾಯಿಗೆ ಊರು ಕಾಣಿಸುತ್ತಿತ್ತು. ಕಣ್ಣಿಗಲ್ಲ. ಗಾಲಿಯ ಕೆಳಗಿನಿಂದ ಬರುವ ಸದ್ದಿನಲ್ಲಿ.

"ರೈಲ್ವೆ ಗೇಟು ಬಂತು," ಎನ್ನುವಳು. ಬಂದಿರುತ್ತಿತ್ತು.

"ಇದು ಗುಡಿ ಬೀದಿ. ಒಂದು ಚಪ್ಪಡಿ ಅಲುಗಾಡುತ್ತಿದೆ, ಯಾರಿಗಾದರೂ ಹೇಳಬಾರದೇ?"

"ಇದೇನೋ, ಇಲ್ಲಿ ಹೊಸದಾಗಿ ಟಾರು ಹಾಕಿದ್ದಾರೆ. ಚುನಾವಣೆ ಬಂತೇ?"

ಸುಗ್ಗಿಯ ಕಾಲದಲ್ಲಿ ಆ ಸೀಮೆಯ ರೈತರು ಹುರುಳಿಯನ್ನೂ ರಾಗಿಯನ್ನೂ ಟಾರು ರಸ್ತೆಯ ಮೇಲೆ ಹರಡುತ್ತಿದ್ದರು. ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ತಾನೇ ಉದುರಲಿ ಎಂದು. ಯಾವ ಬೆಳೆ ಹರಡಿದ್ದಾರೆ ಎಂಬುದನ್ನೂ ತಾಯಿ ಹೇಳುತ್ತಿದ್ದಳು. ಹುರುಳಿ ಚಟಚಟ ಮಾತಾಡುತ್ತದೆ, ರಾಗಿ ಬರೀ ಉಸಿರು ಬಿಡುತ್ತದೆ ಎನ್ನುವಳು. "ಹುರುಳಿ ಕಣೋ, ನಿಧಾನಕ್ಕೆ ಹೋಗು. ಚೆನ್ನಾಗಿ ತುಳಿದುಕೊಡು, ಪುಣ್ಯ ಬರುತ್ತೆ."

ಮೊಮ್ಮಗಳಿಗೆ ಇದೊಂದು ಆಟವಾಗಿತ್ತು. ಅವಳೂ ಕಣ್ಣು ಮುಚ್ಚಿಕೊಂಡು ಅಜ್ಜಿಗಿಂತ ಮೊದಲು ಹೇಳಲು ನೋಡುವಳು. ಪ್ರತಿ ಸಲವೂ ಸೋಲುವಳು. ಸೋತು, "ಅಜ್ಜಿ ಒಳಗೊಳಗೇ ಕಣ್ಣು ಬಿಟ್ಟು ನೋಡ್ತಾರೆ," ಎಂದು ದೂರುವಳು.

ಓಡಾಡಿ ಓಡಾಡಿ ಕಾರಿನ ಟೈರುಗಳು ಸವೆದವು. ಒಂದು ಮಳೆಯಲ್ಲಿ ಬ್ರೇಕ್ ಒತ್ತಿದರೆ ಕಾರು ಜಾರಿಕೊಂಡು ಹೋಗಿ ನಿಂತಿತು. ಅದೇ ದಿನ ಹಿಂತಿರುಗುವಾಗ ಗಾಲಿ ಒಂದು ಗುಂಡಿಗೆ ಇಳಿಯಿತು. "ಅಯ್ಯೋ ಸೊಂಟ," ಎಂದಳು ತಾಯಿ. ಅಷ್ಟೇ ಎಂದದ್ದು. ಮರುಕ್ಷಣ ಮೊಮ್ಮಗಳೊಂದಿಗೆ ನಗುತ್ತಿದ್ದಳು. ಆದರೆ ಆ ಮಾತು ಮಗನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು.

ಯಾವ ಟೈರು ಹಾಕಿಸುವುದೆಂದು ಮನೆಯಲ್ಲಿ ಮಾತಾಯಿತು. ವರ್ತಕನ ಮಗ, "ದಪ್ಪ ಹಲ್ಲಿನದು ಹಾಕಿಸಪ್ಪ, ನೋಡಿದರೆ ಹುಲಿ ಹಾಗಿರಬೇಕು," ಎಂದ. ಹೆಂಡತಿ, "ಹುಲಿಯೂ ಬೇಡ, ಕರಡಿಯೂ ಬೇಡ, ಮಳೆಯಲ್ಲಿ ನಿಂತರೆ ಸಾಕು," ಎಂದಳು. ತಾಯಿಯನ್ನು ಯಾರೂ ಕೇಳಲಿಲ್ಲ. ಕೇಳಬಾರದೆಂದಲ್ಲ. ಕಣ್ಣಿಲ್ಲದವರಿಗೆ ಟೈರಿನಲ್ಲಿ ಆರಿಸುವುದು ಏನಿರುತ್ತದೆ ಎಂದು.

ವರ್ತಕ ಟೈರ್ ಅಂಗಡಿಗೆ ಹೋದ. ಅಂಗಡಿಯವನು ಹಳೆಯ ಟೈರುಗಳ ಮೇಲೆ ಕೈಯಾಡಿಸಿ, "ಇವು ವಟವಟ ಅನ್ನುತ್ತಿರಬೇಕಲ್ಲ ಯಜಮಾನ್ರೇ? ಸವೆದಷ್ಟೂ ಇವಕ್ಕೆ ಮಾತು ಜಾಸ್ತಿ," ಎಂದ. ಆಮೇಲೆ ಹೊಸ ಟೈರುಗಳನ್ನು ಉರುಳಿಸಿಕೊಂಡು ಬಂದು ಸಾಲಾಗಿ ನಿಲ್ಲಿಸಿದ.

"ಇದು ಕಲ್ಲುಮುಳ್ಳಿಗೆ ಜಗ್ಗಲ್ಲ. ಆದರೆ ಟಾರಿನ ಮೇಲೆ ಗೊಂಯ್ ಅನ್ನುತ್ತೆ. ಇದು ಸಾಧಾರಣದ್ದು. ಮಳೆಗೆ ಹಿಡಿಯುತ್ತೆ, ಅಷ್ಟೋ ಇಷ್ಟೋ ಸದ್ದೂ ಮಾಡುತ್ತೆ. ಇನ್ನು ಇದು ಇದೆಯಲ್ಲ, ಇದರ ಜಾತಿಯೇ ಬೇರೆ. ಮಳೆಗೂ ಹಿಡಿಯುತ್ತೆ, ಸದ್ದೂ ಇಲ್ಲ, ಕುಲುಕೂ ಇಲ್ಲ. ಒಳಗೆ ಕೂತವರಿಗೆ ಯಾವ ರಸ್ತೆ ಅಂತಲೇ ಗೊತ್ತಾಗಲ್ಲ." ಅವನು ಕೈ ಒರೆಸಿಕೊಂಡ. "ಹೇಳಿ, ಯಾವುದನ್ನು ಹಾಕಿಕೊಡಲಿ?"

ವರ್ತಕ ಅಭ್ಯಾಸಬಲದಿಂದ ಆ ಕೊನೆಯ ಟೈರನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ. ದನಿ ಅಲ್ಲೇ ಸತ್ತಿತು.

"ಬಿಂದಿಗೆ ಅಂದುಕೊಂಡಿರಾ?" ಎಂದು ಅಂಗಡಿಯವನು ನಕ್ಕ.

ವರ್ತಕನೂ ನಕ್ಕ. "ನಮ್ಮಮ್ಮನಿಗೆ ದಾರಿಯ ಒಂದು ಕಲ್ಲೂ ಗೊತ್ತಾಗಬಾರದು. ಇದನ್ನೇ ಹಾಕಿಬಿಡಿ."

ಮನೆಯ ಮುಂದೆ ಕಾರಿಗೆ ಪೂಜೆಯಾಯಿತು. ತಾಯಿಯನ್ನು ಮೊದಲೇ ಒಳಗೆ ಕೂರಿಸಿದ್ದರು. ನಾಲ್ಕು ಗಾಲಿಗಳ ಕೆಳಗೂ ನಿಂಬೆಹಣ್ಣು ಇಟ್ಟರು. ಕಾರು ಮುಂದೆ ಸರಿಯಿತು.

ಸ್ವಲ್ಪ ದೂರ ಹೋದ ಮೇಲೆ ತಾಯಿ, "ನಿಂಬೆಹಣ್ಣು ಇಡಲಿಲ್ಲವೇನೋ?" ಎಂದಳು.

"ಇಟ್ಟಿದ್ದೆ ಅಮ್ಮ. ಒಡೆದೂ ಆಯಿತು."

"ಹೌದಾ," ಎಂದಳು ತಾಯಿ.

ಕಾರು ಈಗ ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ರೈಲ್ವೆ ಗೇಟಿನಲ್ಲಿ ತೊಟ್ಟಿಲು ತೂಗಿದಂತೆ ಒಮ್ಮೆ ತೂಗಿತು, ಅಷ್ಟೇ. ಗುಡಿ ಬೀದಿಯೂ ಹೆದ್ದಾರಿಯೂ ಒಂದೇ ಆದವು. ವರ್ತಕನಿಗೆ ತಾನು ಕಾರು ಓಡಿಸುತ್ತಿಲ್ಲ, ಕಾರು ನಿಂತೇ ಇದೆ, ಮರಗಳೂ ಮನೆಗಳೂ ಮೆಲ್ಲಗೆ ಹಿಂದಕ್ಕೆ ತೇಲಿಹೋಗುತ್ತಿವೆ ಅನ್ನಿಸುತ್ತಿತ್ತು. ಎಷ್ಟೋ ಸಲ ಮನೆ ತಲುಪಿದ ಮೇಲೆ, ಬಂದ ದಾರಿ ಯಾವುದೆಂದು ನೆನಪಿಗೇ ಬರುತ್ತಿರಲಿಲ್ಲ. ಕನಸಿನಲ್ಲಿ ಹಾಗಾಗುತ್ತದಲ್ಲ, ಬಾಗಿಲು ತೆರೆಯದೆಯೇ ಒಳಗಿರುತ್ತೇವಲ್ಲ, ಹಾಗೆ.

ಮೊಮ್ಮಗಳು ಆಟದಲ್ಲಿ ಗೆಲ್ಲತೊಡಗಿದಳು. ಅವಳು ಕಳ್ಳಗಣ್ಣು ಬಿಟ್ಟು ನೋಡಿ, "ರೈಲ್ವೆ ಗೇಟು," ಎನ್ನುವಳು. "ಹೌದಾ ಪುಟ್ಟಿ," ಎನ್ನುವಳು ಅಜ್ಜಿ. ಕೆಲವು ಸಲ ಗೆದ್ದ ಮೇಲೆ ಹುಡುಗಿ ಆಟವನ್ನೇ ಬಿಟ್ಟಳು.

"ಅತ್ತೆ ಈಗೀಗ ಮಾತೇ ಆಡುತ್ತಿಲ್ಲ ರೀ," ಎಂದಳು ಹೆಂಡತಿ.

"ಹಾಯಾಗಿದ್ದಾರೆ ಕಣೇ. ಮೊದಲು ಆ ಕುಲುಕಾಟದಲ್ಲಿ ಕಣ್ಣು ಮುಚ್ಚಲಿಕ್ಕೆ ಎಲ್ಲಾಗುತ್ತಿತ್ತು?" ಎಂದ ವರ್ತಕ. ಕನ್ನಡಿಯಲ್ಲಿ ತಾಯಿಯ ಮುಖ ನೋಡಿದ. ಶಾಂತವಾಗಿತ್ತು. ಅವನಿಗೆ ಹೆಮ್ಮೆಯಾಯಿತು.

ಒಂದು ರಜೆಯ ದಿನ ತಾಯಿ ಹೊರಡಲಿಲ್ಲ. "ನೀವು ಹೋಗಿಬನ್ನಿ. ನಾನು ಇಲ್ಲೇ ಇರುತ್ತೇನೆ. ಮನೆಯಲ್ಲಿ ಕೂತರೂ ಅಷ್ಟೇ, ಕಾರಿನಲ್ಲಿ ಕೂತರೂ ಅಷ್ಟೇ. ಎರಡೂ ಒಂದೇ," ಎಂದಳು.

ಅದರ ಮುಂದಿನ ರಜೆಗೂ ಹೊರಡಲಿಲ್ಲ. ಊಟ ಕಡಿಮೆಯಾಯಿತು. ಮೊದಲು ಅಂಗಡಿಯಿಂದ ಮಗ ತಂದ ಪಾತ್ರೆಯನ್ನು ತಟ್ಟಿ ನೋಡಿ ಏನಾದರೂ ಹೇಳುತ್ತಿದ್ದವಳು, ಈಗ ಕೈಯಲ್ಲಿ ಹಿಡಿದು ಹಾಗೇ ಹಿಂದಕ್ಕೆ ಕೊಡುತ್ತಿದ್ದಳು.

ವರ್ತಕನಿಗೆ ದಿಗಿಲಾಯಿತು. ಏನು ಮಾಡಿದರೆ ತಾಯಿ ಮೊದಲಿನಂತಾದಾಳು ಎಂದು ಯೋಚಿಸಿದ. "ಅಮ್ಮ, ನಿನ್ನ ತವರಿಗೆ ಹೋಗಿಬರೋಣವೇ?" ಎಂದು ಕೇಳಿದ.

ತಾಯಿಯ ಮುಖ ಅರಳಿತು. ಅಣ್ಣ ಹೋದ ಮೇಲೆ ಅವಳು ಆ ಕಡೆ ಹೋಗಿರಲಿಲ್ಲ. ಈಗ ಆ ಮನೆಯಲ್ಲಿ ಅಣ್ಣನ ಮಗನ ಸಂಸಾರವಿತ್ತು. ಅವರ ದನಿಯೂ ಅವಳಿಗೆ ಪರಿಚಯವಿರಲಿಲ್ಲ. ಆದರೆ ದಾರಿ ಬಾಯಿಪಾಠವಿತ್ತು. "ಹೊಳೆ ಸಿಗುತ್ತೆ ಕಣೋ. ಉದ್ದ ಸೇತುವೆ. ಹತ್ತಿದ ಕೂಡಲೇ ಟಕ್ ಟಕ್ ಅಂತ ಶುರುವಾಗುತ್ತೆ. ಅದು ನಿಂತಿತು ಅಂದರೆ ನಮ್ಮೂರು," ಎಂದು ಎಲ್ಲರಿಗೂ ಹೇಳಿದಳು. ತವರಿಗೆ ಬರಿಗೈಯಲ್ಲಿ ಹೋಗಬಾರದೆಂದು ಅಂಗಡಿಯಿಂದ ಒಂದು ಕಂಚಿನ ಬಟ್ಟಲು ತರಿಸಿ, ತಟ್ಟಿ ನೋಡಿ, ಮಡಿಲಲ್ಲಿ ಇಟ್ಟುಕೊಂಡಳು.

ಹೊರಟರು. ಕಾರು ತೇಲಿತು. ಮಕ್ಕಳು ನಿದ್ದೆಹೋದರು. ಹೆಂಡತಿ ತೂಕಡಿಸಿದಳು. ವರ್ತಕ ಒಬ್ಬನೇ ಎಚ್ಚರ, ಅದೂ ಅರ್ಧ ಎಚ್ಚರ. ಹೊಳೆ ಬಂತು, ಬಿಸಿಲಿನಲ್ಲಿ ಮಿನುಗಿತು, ಹಿಂದೆ ಸರಿಯಿತು. ರಸ್ತೆಯ ಮೇಲೆ ಹುರುಳಿ ಹರಡಿತ್ತು. ಕಾರು ಅದರ ಮೇಲೆ ನೆರಳಿನ ಹಾಗೆ ಹಾದುಹೋಯಿತು. ತಾಯಿ ಬಟ್ಟಲನ್ನು ಹಿಡಿದು, ತಲೆ ವಾಲಿಸಿ, ಕೂತೇ ಇದ್ದಳು.

ತವರುಮನೆಯ ಮುಂದೆ ಕಾರು ನಿಂತಿತು.

"ಯಾಕೋ, ಇನ್ನೂ ಹೊರಟಿಲ್ಲವೇ?" ಎಂದಳು ತಾಯಿ.

"ಬಂದಾಯ್ತಮ್ಮ."

"ಎಲ್ಲಿಗೆ?"

"ನಿನ್ನ ತವರಿಗೆ. ಇಳಿ."

ತಾಯಿ ಇಳಿಯಲಿಲ್ಲ. ಮಗನ ಕೈಯನ್ನು ಹುಡುಕಿ ಹಿಡಿದುಕೊಂಡಳು. "ಮುದುಕಿಯನ್ನು ಹೀಗೆ ಸಮಾಧಾನ ಮಾಡಬೇಡವೋ. ಸೇತುವೆ ಬರಲೇ ಇಲ್ಲ. ಸೇತುವೆ ದಾಟದೆ ನಮ್ಮೂರು ಬರುವುದಿಲ್ಲ."

ಅಷ್ಟರಲ್ಲಿ ಮನೆಯವರು ಹೊರಗೆ ಬಂದರು. ಅಣ್ಣನ ಮಗ, "ಬನ್ನಿ ಅತ್ತೆ," ಎಂದ. ಅಣ್ಣನ ಸೊಸೆ ಕಾಲಿಗೆ ನಮಸ್ಕಾರ ಮಾಡಿದಳು. ತಾಯಿ ಎಲ್ಲರನ್ನೂ ಹರಸಿದಳು. ಅವರು ಹಾಸಿದ ಚಾಪೆಯ ಮೇಲೆ ಕೂತಳು. ಕೊಟ್ಟ ಕಾಫಿ ಕುಡಿದಳು. ಹೊರಗಿನವರ ಮನೆಗೆ ಹೋದಾಗ ಹೇಗೆ ಕೂರುತ್ತಾರೋ ಹಾಗೆ, ಸೆರಗು ಸರಿಮಾಡಿಕೊಂಡು, ಕಾಲು ಮಡಿಸಿಕೊಂಡು ಕೂತಿದ್ದಳು. ಬಟ್ಟಲು ಮಡಿಲಲ್ಲೇ ಇತ್ತು. ಅದನ್ನು ಯಾರಿಗೂ ಕೊಡಲಿಲ್ಲ.

ಹಿಂತಿರುಗುವಾಗ ಕಾರಿನಲ್ಲಿ ಅವಳೇ ಮಗನಿಗೆ ಸಮಾಧಾನ ಹೇಳಿದಳು. "ಒಳ್ಳೆಯ ಜನ, ಯಾರೋ ಏನೋ. ಬೇಜಾರು ಮಾಡಿಕೊಳ್ಳಬೇಡ ಮಗಾ. ಅಷ್ಟು ದೂರ ಹೋಗಲಿಕ್ಕೆ ನಿನಗಾದರೂ ಪುರುಸೊತ್ತು ಎಲ್ಲಿದೆ? ತವರಿಗೆ ಇನ್ನೊಂದು ದಿನ ಹೋದರಾಯಿತು."

ವರ್ತಕ ಕಾರಿನ ವೇಗ ತಗ್ಗಿಸಿದ. ಸ್ಟೀರಿಂಗ್ ಹಿಡಿದ ಕೈಯ ಬೆರಳಿನ ಗೆಣ್ಣು, ಅಂದು ಟೈರ್ ಅಂಗಡಿಯಲ್ಲಿ ಸತ್ತ ಆ ದನಿಯನ್ನು ನೆನೆಯಿತು. ಅಂಥ ದನಿಯ ಪಾತ್ರೆಯಾಗಿದ್ದರೆ ಅವನು ಅಂಗಡಿಯ ಒಳಗೂ ಸೇರಿಸುತ್ತಿರಲಿಲ್ಲ.

ಸೇತುವೆ ಬಂತು. ಕಾರು ಅದನ್ನು ಸದ್ದಿಲ್ಲದೆ ದಾಟಿತು. ದಾಟಿದ ಮೇಲೆ ವರ್ತಕ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಹಿಂದಿನ ಬಾಗಿಲು ತೆರೆದ.

"ಇಳಿ ಅಮ್ಮ. ನಡೆಯೋಣ."

"ಎಲ್ಲಿಗೋ?"

"ಬಾ, ಹೇಳ್ತೀನಿ."

ತಾಯಿ ಇಳಿದಳು. ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟಿದ್ದಳು. ಹೆಂಡತಿ ಅದನ್ನು ಎತ್ತಿಕೊಡಲು ಬಂದಳು. ವರ್ತಕ ಬೇಡವೆಂದು ಕೈ ಮಾಡಿದ. ತಾಯಿಯ ಕೈ ಹಿಡಿದು, ಬಂದ ದಾರಿಗೇ ತಿರುಗಿಕೊಂಡು, ಸೇತುವೆಯ ಮೇಲೆ ನಡೆಸಿಕೊಂಡು ಹೊರಟ. ಹೆಂಡತಿ ಕಾರನ್ನು ತಿರುಗಿಸಿಕೊಂಡು, ಮಕ್ಕಳೊಂದಿಗೆ, ಬಹಳ ಹಿಂದೆ, ಮೆಲ್ಲಗೆ ಬಂದಳು.

ತಾಯಿಯ ಪಾದಕ್ಕೆ ಸೇತುವೆಯ ಮೊದಲ ಕಬ್ಬಿಣದ ಪಟ್ಟಿ ತಾಗಿತು. ಬಿಸಿಲಿಗೆ ಅದು ಬೆಚ್ಚಗಾಗಿತ್ತು. ಅವಳು ನಿಂತಳು. ಹೆಬ್ಬೆರಳಿನಿಂದ ಅದನ್ನು ಸವರಿದಳು. ಮುಂದೆ ನಡೆದಳು. ಇನ್ನೊಂದು ಪಟ್ಟಿ ಸಿಕ್ಕಿತು. ಆಮೇಲೆ ಮತ್ತೊಂದು.

"ಟಕ್," ಎಂದಳು ತಾಯಿ ತಾನೇ. "ಟಕ್."

ಕೆಳಗೆ ಹೊಳೆ ಹರಿಯುತ್ತಿತ್ತು. ಸೇತುವೆ ಎಷ್ಟು ಉದ್ದವಿತ್ತೋ ಅಷ್ಟು ಉದ್ದಕ್ಕೂ ಇಬ್ಬರೂ ನಿದ್ದೆಯಲ್ಲಿ ನಡೆಯುವವರ ಹಾಗೆ ನಡೆದರು. ಅದು ಮುಗಿದ ಕಡೆ ತಾಯಿಯ ಕಾಲ ಕೆಳಗೆ ಹುರುಳಿ ಸಿಕ್ಕಿತು. ಒಣಗಿದ ಕಾಯಿಗಳು ಚಟಚಟ ಒಡೆದವು.

"ನಿಧಾನಕ್ಕೆ ನಡೆಯೋ," ಎಂದಳು. "ಚೆನ್ನಾಗಿ ತುಳಿ."

ಅಲ್ಲಿಂದ ಊರಿನ ಕಚ್ಚಾ ದಾರಿ. ಸ್ವಲ್ಪ ಹೋಗುವಷ್ಟರಲ್ಲಿ ತಾಯಿ ತಟ್ಟನೆ ಕಾಲೆತ್ತಿಕೊಂಡಳು.

"ಕಲ್ಲು ಚುಚ್ಚಿತೇ ಅಮ್ಮ?"

"ಚುಚ್ಚಿತು ಕಣೋ." ತಾಯಿಯ ಕುರುಡು ಕಣ್ಣುಗಳಲ್ಲಿ ನೀರು ತುಂಬಿತ್ತು. ಮುಖದಲ್ಲಿ ನಗುವಿತ್ತು. "ಚುಚ್ಚದೆ ಏನು? ಇದು ನಮ್ಮೂರ ಕಲ್ಲು."

ಆಮೇಲೆ ಅವಳು ಮಗನ ಕೈ ಬಿಟ್ಟಳು. ಮುಂದಿನ ತಿರುವನ್ನು ತಾನೇ ತಿರುಗಿದಳು. ತವರುಮನೆಯ ಹೊಸ್ತಿಲನ್ನು ಕಾಲಿನಿಂದ ಹುಡುಕಿ, ಬಗ್ಗಿ, ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಣ್ಣನ ಸೊಸೆ ಒಳಗಿನಿಂದ ಬಂದು ಬೆರಗಾಗಿ ನಿಂತಳು.

ತಾಯಿ ಬಟ್ಟಲನ್ನು ಅವಳ ಕೈಗೆ ಕೊಟ್ಟಳು. "ತಟ್ಟಿ ನೋಡೇ, ಒಳ್ಳೆಯ ಕಂಚು. ಅಲ್ಲವೇ, ಇಷ್ಟು ದೂರದಿಂದ ಬಂದಿದ್ದೇನೆ, ಅತ್ತೆಗೆ ಒಂದು ಲೋಟ ಕಾಫಿ ಕೊಡಬೇಕು ಅನ್ನಿಸಲಿಲ್ಲವೇ ನಿನಗೆ?"

ಸೊಸೆ ಒಳಗೆ ಹೋಗಿ ಎರಡನೆಯ ಸಲ ಕಾಫಿಗೆ ಇಟ್ಟಳು.

ಗುರುಗಳು ಕತೆ ನಿಲ್ಲಿಸಿದರು.

ಜಗಲಿಯ ಮೇಲೆ ಬೆಳಕು ಕಡಿಮೆಯಾಗಿತ್ತು. ವಾರಿಜ ಇನ್ನೂ ಆ ಸೇತುವೆಯ ಮೇಲೇ ಇದ್ದಳು. ಅಷ್ಟರಲ್ಲಿ ಕೆಳಗಿನ ಬೀದಿಯಲ್ಲಿ ಹೊಲಿಗೆ ಯಂತ್ರ ಶುರುವಾಯಿತು. ಸ್ವಲ್ಪ ಓಡಿತು, ನಿಂತಿತು, ಮತ್ತೆ ಓಡಿತು. ಅಕ್ಕ ಹಾಗೇ ನಿಲ್ಲಿಸುತ್ತಿದ್ದಳು. ನಿಲ್ಲಿಸಿ, ದಾರವನ್ನು ಹಲ್ಲಿನಿಂದ ಕಡಿದು, ತಲೆಯೆತ್ತದೆಯೇ, "ಬಂದೆಯಾ ವಾರೀ, ಆ ಕತ್ತರಿ ಕೊಡು," ಎನ್ನುತ್ತಿದ್ದಳು. ವರ್ಷದಿಂದ ಆ ಸದ್ದು ಕೇಳಿದೊಡನೆ ಕಿವಿ ಮುಚ್ಚಿಕೊಂಡದ್ದರಿಂದ, ಅಕ್ಕನ ಆ ಮಾತು ಇಷ್ಟು ದಿನ ಅವಳಿಗೆ ಕೇಳಿಸಿರಲಿಲ್ಲ.

ಚಾಪೆ ಅವಳ ಕೈಯಿಂದ ಜಾರಿ ಬಿಚ್ಚಿಕೊಂಡಿತು.

"ಗುರುಗಳೇ," ಎಂದಳು. "ಆ ಸಾಧನೆ..."

ಗುರುಗಳು ಟೈರ್ ಅಂಗಡಿಯವನ ಹಾಗೆ ಕೈ ಒರೆಸಿಕೊಂಡು, "ಹೇಳು ಮಗೂ, ಯಾವುದನ್ನು ಹಾಕಿಕೊಡಲಿ?" ಎಂದರು.

ವಾರಿಜ ಬಿಚ್ಚಿಕೊಂಡ ಚಾಪೆಯ ಮೇಲೆ ಕೂತು, ಹೊಲಿಗೆ ಯಂತ್ರದ ಸದ್ದು ಬರುವ ಕಡೆಗೆ ತಲೆ ವಾಲಿಸಿದಳು.